ಬಾಗಿಲ ಪಕ್ಕದ ಕುರ್ಚಿ

"ಒಂದು ನಿಮಿಷ ನಿಲ್ಲಿಸಿ. ನೀವು ಯಾರಿಗೆ ಹಾಡ್ತಿದ್ದೀರಿ?"

ಖಾಲಿ ಸಭಾಂಗಣದ ಸ್ಪೀಕರ್‌ಗಳಲ್ಲಿ ಮೊಳಗಿದ ಆ ಗಂಡುದನಿಗೆ ಗುಬ್ಬಿ ಬೆಚ್ಚಿ ಕಣ್ಣು ಬಿಟ್ಟಳು. ಎರಡು ಚರಣ ಮುಗಿಯುವವರೆಗೂ ತಾನು ಕಣ್ಣೇ ತೆರೆದಿರಲಿಲ್ಲ ಎಂಬುದು ಅವಳಿಗೆ ಆಗಲೇ ಗೊತ್ತಾದದ್ದು.

"ಎಲ್ಲರಿಗೂ," ಎಂದಳು ಬಿಗಿಯಾಗಿ.

"ಎಲ್ಲರಿಗೂ ಅಂದ್ರೆ ಯಾರಿಗೂ ಅಲ್ಲ."

ಸಭಾಂಗಣದ ಹಿಂಭಾಗದಲ್ಲಿ ಮಿಕ್ಸರ್ ಮುಂದೆ ಕೂತಿದ್ದವನು ಹೊಸ ಸೌಂಡ್ ಇಂಜಿನಿಯರ್. ಬಂದು ಹತ್ತು ನಿಮಿಷ ಆಗಿಲ್ಲ, ಆಗಲೇ ಪಾಠ ಹೇಳೋಕೆ ಶುರು... ಗುಬ್ಬಿಗೆ ಮೈಯೆಲ್ಲ ಉರಿಯಿತು. ಅವನು ಹೇಳಿದ್ದು ನಿಜವಾದ್ದರಿಂದ ಇನ್ನಷ್ಟು ಉರಿಯಿತು.

ಗುಬ್ಬಿ ಎಂಬುದು ಮನೆಯವರಿಟ್ಟ ಅಡ್ಡಹೆಸರು. ಅಪ್ಪನ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರಗಳ ಗದ್ದಲದ ನಡುವೆ, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಹಾಡು ಕಲಿತವಳು. ಅವಳ ಕಂಠದ ಬಗ್ಗೆ ಯಾರೂ ಚಕಾರ ಎತ್ತುವ ಹಾಗಿರಲಿಲ್ಲ. ಆದರೆ ಅವಳು ವೇದಿಕೆಗೆ ಬಂದರೆ ಜನ ಎದ್ದು ಕಾಫಿಗೆ ಹೋಗುತ್ತಿದ್ದರು.

ಸಭಾಂಗಣದ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. "ಈ ತಿಂಗಳ ಕೊನೇ ಶನಿವಾರವೂ ಜನ ಎದ್ದು ಹೋದ್ರೆ, ಅದೇ ಇಲ್ಲಿ ನಿಮ್ಮ ಕೊನೇ ಕಾರ್ಯಕ್ರಮ."

ಗುಬ್ಬಿ ಮನೆಗೆ ಹೋಗಿ ಇದನ್ನೆಲ್ಲ ಹೇಳಿಕೊಂಡಳು. ಅತ್ತಿಗೆಯಂತೂ ಯಾರ ಮುಲಾಜಿಗೂ ಬೀಳುವವಳಲ್ಲ. "ಹಾಡೋವಾಗ ನಿನ್ನ ಮುಖ ನೋಡಿದ್ರೆ ಹಲ್ಲು ಕೀಳಿಸ್ಕೊಳ್ಳೋ ಹಾಗಿರುತ್ತೆ ಕಣೇ ಗುಬ್ಬಿ. ಆ ಹುಡುಗ ಹೇಳಿದ್ದು ಕೇಳು. ನಿನ್ನ ಗಂಟೇನು ಹೋಗುತ್ತೆ?"

ಮರುದಿನ ಗುಬ್ಬಿಯೇ ಅವನನ್ನು ಕೇಳಿದಳು. "ಸರಿ. ಯಾರಿಗೆ ಹಾಡ್ಲಿ, ಹೇಳಿ."

"ನನಗೆ." ಅವಳ ಹುಬ್ಬು ಏರಿದ್ದು ನೋಡಿ ಅವನು ಗಡಿಬಿಡಿಯಲ್ಲಿ ಸೇರಿಸಿದ. "ಅಂದ್ರೆ... ಅಭ್ಯಾಸಕ್ಕೆ. ನಾನು ಕುರ್ಚಿಯಿಂದ ಕುರ್ಚಿಗೆ ಹೋಗ್ತಿರ್ತೀನಿ. ಹಾಡಿನ ಒಂದು ಸಾಲು ನನಗೇ ಹಾಡಿದ್ರಿ ಅನ್ನಿಸಿದ್ರೆ ಕೈ ಎತ್ತುತ್ತೀನಿ. ಅಲ್ಲಿವರೆಗೂ ನೀವು ಅದೇ ಸಾಲು ಹಾಡ್ಬೇಕು."

ಮೊದಲ ದಿನ ಆ ಕೈ ಎದ್ದದ್ದು ಎರಡೇ ಸಲ. ಎರಡನೇ ವಾರಕ್ಕೆ ಅರ್ಧ ಸಭಾಂಗಣ ಅವಳಿಗೆ ಒಲಿದಿತ್ತು. ಕಣ್ಣು ಮುಚ್ಚುವುದನ್ನು ಬಿಟ್ಟು ಕಣ್ಣಲ್ಲಿ ಕಣ್ಣಿಟ್ಟು ಹಾಡುವುದನ್ನು ಕಲಿತಳು. ಸಾಲಿನ ಕೊನೆಯಲ್ಲಿ ಒಂದು ಉಸಿರಿನಷ್ಟು ಕಾಯುವುದನ್ನೂ ಕಲಿತಳು. ಅವನ ಕೈ ಮೇಲೆದ್ದಾಗಲೆಲ್ಲ ಅವಳ ಮುಖ ಅರಳುತ್ತಿತ್ತು.

'ಇದು ಹಾಡಿನ ಖುಷಿಯಾ, ಇಲ್ಲ ಅವನ ಖುಷಿಯಾ?' ಎಂದು ತನ್ನನ್ನೇ ಕೇಳಿಕೊಂಡು, ಉತ್ತರಕ್ಕೆ ಹೆದರಿ ಮುಂದಿನ ಸಾಲು ಎತ್ತಿಕೊಂಡಳು.

ಕಾರ್ಯಕ್ರಮದ ಹಿಂದಿನ ದಿನ, ಶುಕ್ರವಾರ, ಉಳಿದದ್ದು ಒಂದೇ ಕುರ್ಚಿ. ತೀರಾ ಹಿಂದೆ, ಬಾಗಿಲ ಪಕ್ಕದ್ದು. ಹಾಡಿನ ಕೊನೆಯ ಸಾಲು: 'ಹೋಗುವವನೇ, ಒಮ್ಮೆ ತಿರುಗಿ ನೋಡು.'

ಏಳು ಸಲ ಹಾಡಿದಳು. ಏಳನೆಯ ಸಲ ಒಳಗಿದ್ದದ್ದನ್ನೆಲ್ಲ ಸುರಿದು ಹಾಡಿದಳು. ಅವನ ಕೈ ಮಾತ್ರ ಮೇಲೇಳಲಿಲ್ಲ. ತಲೆ ತಗ್ಗಿಸಿ, "ಇವತ್ತಿಗೆ ಸಾಕು," ಎಂದು ಎದ್ದು ಹೋದ.

ಗಾಯದ ಮೇಲೆ ಬರೆ ಎಳೆದ ಹಾಗೆ, ಮನೆಗೆ ಹೊರಟವಳ ಕಿವಿಗೆ ಮ್ಯಾನೇಜರ್ ಕೋಣೆಯಿಂದ ಅವನ ಮಾತು ಬಿತ್ತು.

"ನಾಳೆ ಮಿಕ್ಸರ್‌ಗೆ ಬೇರೆಯವರನ್ನ ಹಾಕಿ ಸರ್. ಅವರ ಕಾರ್ಯಕ್ರಮಕ್ಕೆ ನಾನು ಕೂರಲ್ಲ."

'ಇಷ್ಟೇನಾ? ನಾನು ಸೋಲ್ತೀನಿ ಅಂತ ಈಗಲೇ ಕಳಚಿಕೊಂಡನಾ?' ಗುಬ್ಬಿ ಮನೆಗೆ ಬಂದು ಅತ್ತಿಗೆಯ ಮುಂದೆ ಗೊಳೋ ಎಂದು ಅತ್ತಳು.

ಅತ್ತಿಗೆ ಸೆರಗಿನಿಂದ ಅವಳ ಮುಖ ಒರೆಸಿದಳು. "ಅವನು ಬಂದ್ರೆಷ್ಟು, ಬಿಟ್ರೆಷ್ಟು? ಹಾಡೋದು ಅವನ ಗಂಟಲಾ?"

ಅದೂ ನಿಜವೇ.

ಶನಿವಾರ ಸಂಜೆ ವೇದಿಕೆಗೆ ಬಂದವಳು ತಕ್ಷಣ ಹಾಡಲಿಲ್ಲ. ನಿಂತು, ಜನರನ್ನು ನೋಡಿದಳು. ಮುಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕಾಫಿಗೆಂದು ಅರ್ಧ ಎದ್ದಿದ್ದರು. ಹಾಡಿನ ಮೊದಲ ಸಾಲನ್ನು ಅವರಿಗೇ ಹಾಡಿದಳು. ಅವರು ಮೆಲ್ಲಗೆ ಕೂತರು.

ನಡುವೆ ಯಾರದೋ ಫೋನ್ ರಿಂಗಾಯಿತು. ಹಿಂದಿನ ಗುಬ್ಬಿಯಾಗಿದ್ದರೆ ಕಣ್ಣು ಮುಚ್ಚಿಕೊಂಡು ಅವಸರದಲ್ಲಿ ಹಾಡು ಮುಗಿಸುತ್ತಿದ್ದಳು. ಇವಳು ವಾದ್ಯದವರಿಗೆ ಕೈ ತೋರಿಸಿ ನಿಲ್ಲಿಸಿದಳು.

"ಮಾತಾಡಿ ಸರ್, ನಾವು ಕಾಯ್ತೀವಿ. ಮನೆಯವರಾದ್ರೆ ನಾನು ಕೇಳ್ದೆ ಅಂತ ಹೇಳಿ."

ಸಭಾಂಗಣ ಘೊಳ್ಳೆಂದು ನಕ್ಕಿತು. ಅಲ್ಲಿಂದ ಆ ಜನ ಅವಳ ಮನೆಯವರೇ ಆಗಿಬಿಟ್ಟರು. ಒಬ್ಬರೂ ಏಳಲಿಲ್ಲ.

ಕೊನೆಯ ಸಾಲು ಬಂತು. 'ಆ ಕುರ್ಚಿಯಲ್ಲಿ ಯಾರೇ ಇರಲಿ, ಅವರಿಗೇ ಹಾಡ್ತೀನಿ.' ಗುಬ್ಬಿ ಬಾಗಿಲ ಕಡೆ ನೋಡಿದಳು.

ಅಲ್ಲಿ ಅವನೇ ಕೂತಿದ್ದ.

ಆದರೂ ದನಿ ಅಲುಗಲಿಲ್ಲ, ನೋಟವನ್ನೂ ಬದಲಿಸಲಿಲ್ಲ. 'ಹೋಗುವವನೇ, ಒಮ್ಮೆ ತಿರುಗಿ ನೋಡು...'

ಅವನ ಕೈ ಮೇಲೆದ್ದಿತು. ಹಾಡು ಮುಗಿದು, ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರೂ ಅದು ಇಳಿಯಲಿಲ್ಲ.

ಮುಂದಿನ ತಿಂಗಳ ನಾಲ್ಕೂ ಶನಿವಾರ ಅವಳದೇ ಎಂದು ಮ್ಯಾನೇಜರ್ ಹೇಳುತ್ತಿದ್ದುದನ್ನು ಅರ್ಧಕ್ಕೇ ಬಿಟ್ಟು, ಗುಬ್ಬಿ ನೇರವಾಗಿ ಆ ಕುರ್ಚಿಯ ಬಳಿ ಹೋದಳು.

"ನಿನ್ನೆ ಏಳು ಸಲ ಹಾಡಿದೆ. ಒಂದು ಸಲನಾದ್ರೂ ಕೈ ಎತ್ತಬಾರದಿತ್ತಾ?"

"ಮೊದಲನೇ ಸಲವೇ ಎತ್ತಬೇಕಿತ್ತು," ಎಂದ ಅವನು, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ. "ಎತ್ತಿದ್ರೆ ಅಭ್ಯಾಸ ಅಲ್ಲಿಗೇ ಮುಗೀತಿತ್ತು. ಇನ್ನೊಂದು ಸಲ ನನಗೇ ಹಾಡ್ಲಿ ಅನ್ನಿಸ್ತು... ಹಾಗೆ ಏಳು ಸಲ ಆಯ್ತು."

"ಮತ್ತೆ ನನ್ನ ಕಾರ್ಯಕ್ರಮಕ್ಕೆ ಕೂರಲ್ಲ ಅಂದಿದ್ದು?"

ಅವನು ಜೇಬಿನಿಂದ ಟಿಕೆಟ್ ತೆಗೆದು ತೋರಿಸಿದ. ಆ ಕುರ್ಚಿಯ ನಂಬರೇ ಇತ್ತು. "ಮಿಕ್ಸರ್ ಮುಂದೆ ಕೂತವನು ಬರೀ ಸದ್ದು ಕೇಳ್ತಾನೆ. ಇವತ್ತು ನನಗೆ ಹಾಡು ಕೇಳ್ಬೇಕಿತ್ತು. ನೀವಂದ್ರೆ ಇಷ್ಟ. ಬಾಯಿಬಿಟ್ಟು ಹೇಳೋಕೆ ಧೈರ್ಯ ಬರ್ಲಿಲ್ಲ."

ಗುಬ್ಬಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಆ ಕೈ ಕೊಡಿ ಇಲ್ಲಿ."

"ಯಾಕೆ?"

"ಇನ್ನೊಬ್ಬರ ಹಾಡಿಗೆ ಎತ್ತಬಾರದಲ್ಲ, ಅದಕ್ಕೆ."

ಅವನು ಕೊಟ್ಟ. "ನೀವು ಮಾತ್ರ ಊರಿಗೆಲ್ಲ ಹಾಡ್ತೀರಿ?"

"ಹಾಡ್ತೀನಿ," ಎಂದಳು ಗುಬ್ಬಿ, ಅವನ ಕಣ್ಣನ್ನೇ ನೋಡುತ್ತ. "ಕೊನೇ ಸಾಲು ಮಾತ್ರ ಈ ಕುರ್ಚಿಗೆ."