ಮುಚ್ಚಳ ತೆಗೆಯದ ಮೂರು ಬಾಟ್ಲಿ

ಸೋಮವಾರ ಬೆಳಿಗ್ಗೆ 9.40ಕ್ಕ ಬಾಗಲಕೋಟೆ ಠಾಣೆಗೆ ಬಂದ ಇಳಕಲ್ಲಿನ ಶಾರವ್ವ ಕುಂಡ್ರಾಕೂ ಒಪ್ಪಲಿಲ್ಲ. ಗಂಡ ಶಂಕ್ರಪ್ಪ ಎಪ್ಪತ್ತೊಂದರ ನೇಕಾರ. ಶನಿವಾರ ಖಾಸಗಿ ದವಾಖಾನ್ಯಾಗ ತೊಡಿಯ ರಕ್ತನಾಳದಿಂದ ನಳಿಗಿ ಏರಿಸಿ ಎದಿಗೆ ಹೊಸಾ ಕವಾಟ ಕೂಡಿಸಿದ್ರು. ಇನ್ನೇನು ಮುಗೀತು ಅನ್ನೂದರಾಗ ಉಸಿರು ನಿಂತು, ಈಗ ಐಸಿಯುದಾಗ ಮಲಗಿದ್ದ.

"ಆ ನರ್ಸ್ ಶಮಾ ಔಷಧ ಹೆಚ್ಚಿಗಿ ಬಿಟ್ಟಾಳ್ರಿ. ಆಕಿ ಮ್ಯಾಲ ಬರಕೋರಿ."

10.15ಕ್ಕ ಎಫ್‌ಐಆರ್ ಆತು. ದವಾಖಾನಿಯವ್ರು ಆಗಲೇ ಶಮಾನ್ನ ಅಮಾನತ್ ಮಾಡಿದ್ರು. ಕೇಸ್ ಗಟ್ಟಿ ಆದ್ರ ಆಕಿ ಪರವಾನಗಿನ ಹೋಗ್ತಿತ್ತು. ಆದ್ರ ಯಾರರ ಬೆರಳ ತೋರಿಸಿದ ಕೂಡಲೆ ಹಿಡಿಯೂ ಪೈಕಿ ಇನ್ಸ್‌ಪೆಕ್ಟರ್ ವರದಾ ಅಲ್ಲ.

ದವಾಖಾನ್ಯಾಗ ಕವಾಟ ಕೂಡಿಸಿದ್ದ ಡಾಕ್ಟರ್ ಸತ್ಯಬೋಧ ಆಕಿಗೆ ಬಿಡಿಸಿ ಹೇಳಿದ್ರು. ವಯಸ್ಸಾದವ್ರಿಗೆ ಪೂರಾ ಎಚ್ಚರ ತಪ್ಪಸಂಗಿಲ್ಲ. ನೋವು ಮಾತ್ರ ಇಳಿಸಿ, ಆಗಾಗ ಹೆಸರ ಕೇಳಿ ಮಾತಾಡಿಸ್ತಾರ. ಅದಕ್ಕ ತಡಾ ಮಾಡಿ ಇಳಿಯೂ ಫೆಂಟನಿಲ್ ಚೊಲೊನೋ ಲಗೂನ ಇಳಿಯೂ ರೆಮಿಫೆಂಟನಿಲ್ ಚೊಲೊನೋ ಅಂತ ಒಂದು ಅಧ್ಯಯನ ನಡದಿತ್ತು. ಪ್ರತಿ ರೋಗಿಗೆ ಒಂದು ಸೀಲ್ ಹಾಕಿದ ಲಕೋಟೆ. ಔಷಧ ವಿಭಾಗದ ಮಿಲಿಂದ ಅದನ್ನ ಒಡದು, ಚೀಟ್ಯಾಗಿದ್ದ ಔಷಧ ಸಿರಿಂಜಿಗೆ ತುಂಬಿ, ಹೆಸರ ಅಂಟಿಸಿ ಕೊಡ್ತಿದ್ದ.

ಶಮಾನ ಕಣ್ಣು ಕೆಂಪಗಾಗಿದ್ವು, ದನಿ ಮಾತ್ರ ನಡಗಲಿಲ್ಲ.

"ಶಂಕ್ರಪ್ಪಗ ಯಾವುದು ಕೊಟ್ಟಿ?" ಅಂದ್ಳು ವರದಾ.

"ರೆಮಿರಿ. ಸಿರಿಂಜಿನ ಮ್ಯಾಲ ಅದ ಹೆಸರಿತ್ತು. ನೋವು ಅಂದ್ರು, ಡಾಕ್ಟರ್ ಹೇಳಿದ ಮ್ಯಾಲ ಎರಡ ಸಲ ಏರಿಸಿದೆ."

"ಆಮ್ಯಾಲ?"

"ಉಸಿರ ಕಮ್ಮಿ ಆದಕೂಡಲೆ ಔಷಧ ಬಿಡೂ ಪಂಪ್ ಬಂದ್ ಮಾಡಿದೆ. ರೆಮಿ ಹತ್ತ ನಿಮಿಷದಾಗ ಇಳೀತದ. ಅರ್ಧ ತಾಸಾದ್ರೂ ಇಳೀಲಿಲ್ಲ. ಅದು ರೆಮಿ ಅಲ್ರಿ ಮೇಡಂ."

"ನಮ್ಮ ಜೀಪಿನಂಗ ಆತು ಬಿಡ್ರಿ. ಬ್ರೇಕ್ ಒತ್ತಿದ ಮ್ಯಾಲೂ ಓಡ್ತದ," ಅಂದ ಕಾನ್‌ಸ್ಟೆಬಲ್ ಮುದಕಪ್ಪ. ಜೀಪಿನ ಕತಿ ಆಮ್ಯಾಲ, ಮೊದಲ ಪಂಪಿನ ದಾಖಲೆ ತಗಿಸು ಅಂದ್ಳು ವರದಾ. ಪಂಪ್ ಬಂದ್ ಆಗಿದ್ದು 12.08ಕ್ಕ. ಮಾನಿಟರ್ ಪ್ರಕಾರ ಉಸಿರು ತಾನಾಗಿ ಬಂದಿದ್ದು 12.50ಕ್ಕ. ಶಮಾ ಖರೆ ಹೇಳಿದ್ಳು.

ಮಂಗಳವಾರ 9.30ಕ್ಕ ಔಷಧ ಕೋಣಿ ಪಂಚನಾಮೆ. ಇಂಥಾ ಮಾದಕ ಔಷಧದ ಬಾಟ್ಲಿ ಬಳಸಿದ ಮ್ಯಾಲೂ ಒಗೆಯಂಗಿಲ್ಲ. ರೋಗಿ ನಂಬರ್ ಬರದು ಕಪಾಟಿನ್ಯಾಗ ಇಡಬೇಕು. ರೆಮಿ ಅಂದ್ರ ಪುಡಿ, ನೀರು ಚುಚ್ಚಿ ಕರಗಿಸಿದ್ರನ ಸಿರಿಂಜಿಗೆ ಬರ್ತದ. ಒಂಬತ್ತು ಬಾಟ್ಲಿಯೊಳಗ ಮೂರರ ಮುಚ್ಚಳನ ತಗದಿರಲಿಲ್ಲ, ಒಳಗ ಪುಡಿ ಒಣಗಿದ್ದು ಒಣಗಿದಂಗ. ಮೂರನೇದರ ಮ್ಯಾಲ ಶಂಕ್ರಪ್ಪನ ನಂಬರ್.

"ಬ್ಯಾರೆಯವ ಆಗಿದ್ರ ಇದನ್ನ ತಿಪ್ಪಿಗೆ ಒಗೀತಿದ್ದ," ಅಂದ ಮುದಕಪ್ಪ.

"ಈ ಮಿಲಿಂದಗ ಲೆಕ್ಕದಾಗ ಒಂದು ಬಾಟ್ಲಿ ಕಮ್ಮಿ ಆದ್ರೂ ನಿದ್ದಿ ಬರಂಗಿಲ್ಲ," ಅಂದ್ಳು ವರದಾ.

ಬಾಜೂಕ ನಿಂತಿದ್ದ ಸತ್ಯಬೋಧ ಗಡಿಯಾರ ನೋಡಿದ್ರು. ಹನ್ನೊಂದಕ್ಕ ಹುನಗುಂದದ ಗುಲಾಬಬಿ ಅನ್ನೂ ಅಜ್ಜಿಗೆ ಕವಾಟ ಕೂಡಿಸೂದಿತ್ತು. ನರ್ಸಿಂದ ತಪ್ಪು ಅಂತ ತಿಳದು ಅಧ್ಯಯನ ನಿಲ್ಲಿಸಿರಲಿಲ್ಲ. ಮಿಲಿಂದ ಈಗ ಮ್ಯಾಲ ಸಿರಿಂಜ್ ತುಂಬತಿರಬೇಕು.

ವರದಾ ಎರಡೆರಡು ಮೆಟ್ಟಲ ಹಾರಿದ್ಳು. 10.25. ಮೇಜಿನ ಮ್ಯಾಲ ಬಿಚ್ಚಿದ ಚೀಟಿ: ರೆಮಿಫೆಂಟನಿಲ್. ಸಿರಿಂಜಿನ ಮ್ಯಾಲೂ ಅದ ಹೆಸರು. ಬಾಜೂಕ ಮುಚ್ಚಳ ತೆಗೆಯದ ಬಾಟ್ಲಿ, ಕುತ್ತಿಗಿ ಮುರದ ಫೆಂಟನಿಲ್ ಗಾಜಿನ ಆಂಪೂಲು.

"ಸಿರಿಂಜ್ ಕೆಳಗ ಇಡು. ಯಾಕ ಹಿಂಗ ಮಾಡಿದಿ?"

ಮಿಲಿಂದ ಇಟ್ಟ. "ಎಪ್ಪತ್ತು ದಾಟಿದವ್ರಿಗೆ ರೆಮಿ ಕೊಡ್ಲಿಕ್ಕೆ ನನ್ನ ಕೈಲೆ ಆಗೂದಿಲ್ರಿ. ನಮ್ಮ ತಾಯಿಗೆ ಅದನ್ನ ಕೊಟ್ಟಿದ್ರು."

ಔಷಧ ಅದಲಿಬದಲಿ ಮಾಡಿ ಜೀವಕ್ಕ ಅಪಾಯ ತಂದ ಆರೋಪದ ಮ್ಯಾಲ 10.35ಕ್ಕ ಬಂಧನ. ಗುಲಾಬಬಿ ಅವ್ರ ಕವಾಟ ಮುಂದಕ್ಕ ಹೋತು. ಸಂಜಿಮುಂದ ಶಮಾ ಕೆಲಸಕ್ಕ ತಿರುಗಿ ಬಂದ್ಳು. ಐಸಿಯು ಬಾಗಲದಾಗ ಶಾರವ್ವ ಆಕಿ ಕೈ ಹಿಡಕೊಂಡು ಭಾಳ ಹೊತ್ತು ನಿಂತಿದ್ಳು.

ಹೇಳಿಕ್ಯಾಗ ಮಿಲಿಂದ ಎಲ್ಲಾ ಒಪ್ಪಿಕೊಂಡ. ತಾಯಿ ಕುಮುದಿನಿ ಬಾದಾಮ್ಯಾಗ ಸಾಲಿ ಟೀಚರ್ ಇದ್ದಾಕಿ. ಎರಡ ವರ್ಷದ ಹಿಂದ ಬ್ಯಾರೆ ಊರಿನ ದವಾಖಾನ್ಯಾಗ ಕವಾಟ ಕೂಡಸೂವಾಗ ಆಕಿ ಉಸಿರು ನಿಂತಿತ್ತು, ತಿರುಗಿ ಬರಲಿಲ್ಲ. ಗಾಜಿನ ಹೊರಗ ನಿಂತಿದ್ದ ಮಗ ಪಂಪಿನ ಮ್ಯಾಲಿನ ಔಷಧದ ಹೆಸರಷ್ಟ ಓದಿಕೊಂಡಿದ್ದ.

"ಆ ಔಷಧದಿಂದನ ಆತು ಅಂತ ನಿನಗ ಯಾರ ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅವ ಕೇಳಿರಲೂ ಇಲ್ಲ. ಅದನ್ನ ಕೇಳಾಕಂತ ನಡೆಸಿದ್ದ ಅಧ್ಯಯನವನ್ನ ತನ್ನ ಕೈಯಾರೆ ಕೆಡಿಸಿದ್ದ. ಇನ್ನ ಮೊದಲಿಂದ ಸುರು ಮಾಡಬೇಕು ಅಂತ ಸತ್ಯಬೋಧ ಹೇಳಿದ್ದನ್ನ ವರದಾ ಅವಗ ತಿಳಿಸಿದ್ಳು.

ಮಿಲಿಂದ ಕೇಳಿದ: "ಶಂಕ್ರಪ್ಪ ಮಾತಾಡಿದ್ರೇನ್ರಿ?"

"ಇವತ್ತ ಮುಂಜಾನೆ ತಮ್ಮ ಹೆಸರ ಹೇಳಿದ್ರು."

ಹೆಸರ ಕೇಳಿದಾಗ ನಮ್ಮ ತಾಯೀನೂ ಕಡೀಕ ಹೇಳಿದ್ದು ತನ್ನ ಹೆಸರಷ್ಟ ರೀ, ಗಾಜಿನ್ಯಾಗಿಂದ ತುಟಿ ನೋಡಿದ್ದೆ ಅಂದ ಮಿಲಿಂದ. ವರದಾ ಅದನ್ನೂ ಹೇಳಿಕ್ಯಾಗ ಬರಕೊಂಡ್ಳು.