ಅಳಿಸಿಹೋದ ಐದು ಸಾಲು

"ಯಾರೋ ಅಳಿಸಿಬಿಟ್ಟಿದ್ದಾರೆ!"

ಊಟ ಮುಗಿಸಿ ಮೊದಲು ಒಳಗೆ ಬಂದ ತಂಗಿಯ ಕೂಗು ಕಾರಿಡಾರಿನ ತುದಿಗೂ ಕೇಳಿಸಿತು. ಅಕ್ಕ ಓಡಿಬಂದು ನೋಡಿದಳು. ಕರಿಹಲಗೆ ಬರಿದಾಗಿತ್ತು.

ವಿಶ್ವವಿದ್ಯಾಲಯದ ಶನಿವಾರದ ಗಣಿತ ಕೂಟಕ್ಕೆ ಬರುವ ಶಾಲಾ ಮಕ್ಕಳು ನೋಟ್‌ಬುಕ್ ಮುಟ್ಟುವಂತಿಲ್ಲ. ಯೋಚನೆಯೆಲ್ಲ ಹಲಗೆಯ ಮೇಲೆಯೇ. ಇವತ್ತಿನ ಪ್ರಶ್ನೆ—ಉದ್ದಕ್ಕೆ ಹದಿನೆಂಟು, ಅಗಲಕ್ಕೆ ಹನ್ನೆರಡು ಚೌಕದ ಹಾಸುಗಲ್ಲುಳ್ಳ ನೆಲ. ಮೂಲೆಯಿಂದ ಎದುರು ಮೂಲೆಗೆ ಎಳೆದ ಗೆರೆ ಎಷ್ಟು ಕಲ್ಲುಗಳನ್ನು ಹಾಯುತ್ತದೆ? ತಂಗಿ ಐದೇ ಸಾಲಿನಲ್ಲಿ ಬಿಡಿಸಿದ್ದಳು. ಮೂರು ಗಂಟೆಗೆ ವಿಭಾಗದ ಮುಖ್ಯಸ್ಥೆ ಅದನ್ನು ನೋಡಿ, ಬೇಸಿಗೆ ಶಿಬಿರಕ್ಕೆ ಒಬ್ಬರನ್ನು ಆರಿಸುವವರಿದ್ದರು.

ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು, ನಿಜ. ತನಗಿಂತ ಎರಡು ವರ್ಷ ಚಿಕ್ಕವಳು, ಕೂಟಕ್ಕೆ ತಾನೇ ಕೈಹಿಡಿದು ಕರೆತಂದವಳು! ಹಲಗೆ ಖಾಲಿಯಾದದ್ದು ಕಂಡು ಮನಸ್ಸು ಒಂದು ಕ್ಷಣ ಕುಣಿದದ್ದೂ ನಿಜ. ಆದರೆ ಅಳಿಸಿದ್ದು ಅವಳಲ್ಲ. ನಂಬುವವರು ಯಾರು?

"ಊಟದ ಹೊತ್ತಲ್ಲಿ ಇಲ್ಲಿಗೆ ಬಂದೋರು ಯಾರ್ಯಾರು?" ಕೂಗು ಕೇಳಿ ಬಂದ ಮುಖ್ಯಸ್ಥೆ ಕೇಳಿದರು.

"ಗುಡಿಸೋಕೆ ನಾನು ಬಂದಿದ್ದೆ," ಎಂದರು ಆಯಾ. "ಈ ದೊಡ್ಡ ಹುಡುಗಿ ನೀರಿನ ಬಾಟ್ಲಿ ತಗೊಂಡು ಹೋದ್ಲು. ಹಲಗೆ ಕಡೆ ನಾನು ನೋಡ್ಲಿಲ್ಲಮ್ಮ."

"ನಾನೂ ಹಾಜರಿ ಪಟ್ಟಿಗೆ ಬಂದಿದ್ದೆ," ಎಂದ ಕೂಟದಲ್ಲಿ ಪಾಠ ಮಾಡುವ ಸಂಶೋಧನಾ ವಿದ್ಯಾರ್ಥಿ. ಮಕ್ಕಳ ಬಾಯಲ್ಲಿ ಅವನು ಕನ್ನಡಕ ಸರ್. "ಆದ್ರೆ ಮೇಡಂ, ಬೆಳಿಗ್ಗೆಯಿಂದ ಇವಳ ಮುಖ ನೋಡಿದೀರಾ?"

"ಹೌದೇನಮ್ಮಾ? ಹೊಟ್ಟೆಕಿಚ್ಚಾ?" ಮುಖ್ಯಸ್ಥೆ ಅಕ್ಕನ ಕಡೆ ತಿರುಗಿದರು.

"ಹೌದು," ಅಕ್ಕ ಒಪ್ಪಿಕೊಂಡಳು. "ಆದ್ರೆ ನಾನು ಮುಟ್ಟಿಲ್ಲ."

"ಸುಳ್ಳಾದ್ರೆ ಇನ್ನು ಕೂಟಕ್ಕೆ ಬರೋ ಹಾಗಿಲ್ಲ."

ಮುಖ್ಯಸ್ಥೆ ಹಲಗೆಯ ಹತ್ತಿರ ಬಗ್ಗಿ ನೋಡಿದರು. ಆಮೇಲೆ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣ ಗೀಚಿ, ಮೂವರಿಗೂ ಒರೆಸಲು ಹೇಳಿದರು. ಅಕ್ಕ ಡಸ್ಟರನ್ನು ಗಿರಗಿರ ಸುತ್ತಿಸಿದಳು. ಆಯಾ ಒದ್ದೆ ಬಟ್ಟೆ ತಂದರು. ಕನ್ನಡಕ ಸರ್ ಮೇಲಿನಿಂದ ಕೆಳಕ್ಕೆ ಒಂದು ಪಟ್ಟೆ ಎಳೆದ, ಪಕ್ಕದಲ್ಲೇ ಇನ್ನೊಂದು—ಮೂರನೆಯದಕ್ಕೆ ಕೈ ನಿಂತಿತು.

"ನಿಲ್ಲಿಸಿದ್ರಲ್ಲಾ, ಯಾಕೆ?"

ಅವನು ಡಸ್ಟರನ್ನು ಕೆಳಗಿಟ್ಟ.

"ಖಾಲಿ ಹಲಗೇನ ಯಾರೂ ಸರಿಯಾಗಿ ನೋಡ್ಲಿಲ್ಲ. ಒದ್ದೆ ಗುರುತಿಲ್ಲ, ಸುತ್ತು ಗುರುತಿಲ್ಲ. ಮೇಲಿಂದ ಕೆಳಕ್ಕೆ ನೇರ ಪಟ್ಟೆಗಳು. ಮುಂದಿನ ಬೆಂಚಿಗೆ ಪುಡಿ ಹಾರಬಾರ್ದು ಅಂತ ಹೀಗೆ ಒರೆಸೋದನ್ನ ಹೊಸ ಮೇಷ್ಟ್ರುಗಳಿಗೆ ಮೊದಲ ವಾರವೇ ಕಲಿಸ್ತೀವಿ. ನಿಮಗೆ ಕಲಿಸಿದ್ದು ನಾನೇ. ಅಳಿಸಿದ್ದು ನೀವು!"

"ಇದೇ ಲೆಕ್ಕಕ್ಕೆ ನನ್ನ ಉತ್ತರ ಎರಡು ಪುಟ, ಮೇಡಂ," ಅವನ ದನಿ ಒಡೆಯಿತು. "ಅವಳದು ಐದು ಸಾಲು. ಎರಡು ಜಡೆ ಹುಡುಗಿ! ನೀವು ಅದನ್ನ ನೋಡೋದು ನನಗೆ ಬೇಡವಾಗಿತ್ತು."

"ಹೊರಗೆ ಕಾಯ್ತಿರಿ. ಮಗು, ನೀನು ಮತ್ತೆ ಬರಿ."

ತಂಗಿ ಮೂರು ಸಾಲು ಬರೆದು ನಿಂತುಬಿಟ್ಟಳು. ಕಣ್ಣು ತುಂಬಿತ್ತು. "ಮುಂದಿಂದು ನೆನಪಾಗ್ತಿಲ್ಲ..."

"ಆಗದಿದ್ರೆ ಶಿಬಿರಕ್ಕೆ ಎರಡನೇ ಹೆಸರು ನಿಮ್ಮಕ್ಕಂದು," ಎಂದರು ಮುಖ್ಯಸ್ಥೆ, ಮೆಲ್ಲಗೆ.

ಬೆಳಿಗ್ಗೆಯಿಡೀ ಆ ಐದು ಸಾಲುಗಳನ್ನು ಕರುಬುತ್ತ ಕರುಬುತ್ತ ದಿಟ್ಟಿಸಿದ್ದಕ್ಕೆ ಅವು ಅಕ್ಕನಿಗೆ ಬಾಯಿಪಾಠವಾಗಿಹೋಗಿದ್ದವು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಗೆರೆ ಕಲ್ಲಿನ ಮೂಲೇಲಿ ಹೋಗೋವಾಗ ಎರಡು ಸಂದು ಒಟ್ಟಿಗೇ ದಾಟುತ್ತೆ. ಅದನ್ನ ಒಂದೇ ಸಲ ಎಣಿಸ್ಬೇಕು ಅಂತ ಬರ್ದಿದ್ಯಲ್ಲೇ, ಮಂಕೇ!" ಎಂದು ಸಿಡುಕಿದಳು.

ತಂಗಿ ಮೂಗೊರೆಸಿಕೊಂಡು ಕೊನೆಯವರೆಗೂ ಬರೆದಳು. ಉತ್ತರ ಇಪ್ಪತ್ನಾಲ್ಕು. ಮುಖ್ಯಸ್ಥೆ ಪಟ್ಟಿಯಲ್ಲಿ ತಂಗಿಯ ಹೆಸರು ಬರೆಯುವುದನ್ನು ಅಕ್ಕ ನೋಡುತ್ತ ನಿಂತಳು. ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ.