ಚಿನ್ನುದು ಯಾವೂರು?

ಧನುಶ್ರೀ ಮುಂಬಾಗಿಲ ಚಿಲಕ ಹಾಕಿದ್ದು ಅವತ್ತಿಗೆ ಮೂರನೇ ಸಲ. ಮೂರು ಸಲವೂ ಅಜ್ಜಿ ಪಾರ್ವತಮ್ಮ ಗೊಣಗುತ್ತ ಬಂದು ತೆಗೆದಳು.

"ಹಗಲೊತ್ನಲ್ಲಿ ಬಾಗ್ಲಾಕಂಡು ಕೂತ್ರೆ ಜನ ಏನಂದ್ಕತಾರವ್ವ? ನಾವೇನು ಕದ್ದಿದ್ದೀವಾ?"

"ಸೊಳ್ಳೆ ಬರ್ತವೆ ಅಜ್ಜಿ," ಎಂದಳು ಧನುಶ್ರೀ.

ಮಧ್ಯಾಹ್ನ ಮೂರು ಗಂಟೆಯ ಉರಿಬಿಸಿಲಲ್ಲಿ ಎಂಥ ಸೊಳ್ಳೆಯೋ ಏನೋ! ಅಜ್ಜಿ ಅವಳ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಆದರೆ ಎರಡು ದಿನದಿಂದ ಹುಡುಗಿ ಸರಿಯಾಗಿ ಊಟ ಮಾಡಿರಲಿಲ್ಲ, ಅದು ಅಜ್ಜಿಗೂ ಗೊತ್ತಿತ್ತು.

ಅವತ್ತು ಶನಿವಾರ, ಅರ್ಧ ದಿನದ ಸ್ಕೂಲು. ಕಿರಂಗೂರಿನ ಆ ಮನೆಯಲ್ಲಿ ಇದ್ದವರು ಇವರಿಬ್ಬರೇ. ತಾತ ದ್ಯಾವಯ್ಯ ಗದ್ದೆಗೆ ಹೋಗಿದ್ದ. ಅಪ್ಪ ಮೈಸೂರಿಗೆ, ಅಮ್ಮ ಪ್ರಮೀಳಾ ಶ್ರೀರಂಗಪಟ್ಟಣದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗಿದ್ದರು. ಇಬ್ಬರೂ ಬರುವುದು ಸಂಜೆಗೇ.

ಧನುಶ್ರೀಯ ಹೊಟ್ಟೆಯೊಳಗೆ ಇದ್ದದ್ದು ಭಯ. ಅದಕ್ಕೆ ಕಾರಣ ಚಿನ್ನು.

ಅಮ್ಮನ ಹಳೇ ಫೋನಿನಲ್ಲಿ ಹಸು ಸಾಕುವ ಒಂದು ಗೇಮ್ ಇತ್ತು. ಮನೆಯ ನಿಜವಾದ ಹಸುವಿಗೆ ಹುಲ್ಲು ಹಾಕು ಅಂದರೆ ಮೂತಿ ತಿರುಗಿಸುತ್ತಿದ್ದ ಧನುಶ್ರೀ, ಫೋನಿನ ಹಸುವಿಗೆ ದಿನಕ್ಕೆ ನಾಲ್ಕು ಸಲ ಹುಲ್ಲು ಹಾಕುತ್ತಿದ್ದಳು. ಆ ಗೇಮಿನಲ್ಲೇ ಚಿನ್ನು ಫ್ರೆಂಡ್ ಆದದ್ದು. ತಾನೂ ಐದನೇ ಕ್ಲಾಸು ಅಂತ ಚಿನ್ನು ಬರೆದಿದ್ದಳು. ಒಂದು ಚಿನ್ನದ ಕೋಳಿಯನ್ನು ಗಿಫ್ಟಾಗಿ ಕಳಿಸಿದ್ದಳು. ಆಮೇಲೆ ಕೇಳಿದಳು, ನಿಂದು ಯಾವೂರು, ಯಾರ ಮಗಳು ನೀನು ಅಂತ.

ಆ ಪ್ರಶ್ನೆಗೆ ಧನುಶ್ರೀಯ ಬಳಿ ಉತ್ತರ ಯಾವಾಗಲೂ ರೆಡಿ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಯಾರು ಕೇಳಿದರೂ ತಲೆ ತಗ್ಗಿಸದೆ ಹೇಳಬೇಕು ಅಂತ ಅಜ್ಜಿ ಕಲಿಸಿದ್ದಳು. ಕಿರಂಗೂರು, ಡೈರಿ ಪಕ್ಕದ ಮನೆ, ದ್ಯಾವಯ್ಯನ ಮೊಮ್ಮಗಳು, ಧರ್ಮೇಂದ್ರನ ಮಗಳು. ಒಂದೇ ಉಸಿರಿಗೆ ಹೇಳಿದರೆ ಕೇಳಿದವರು ಕೆನ್ನೆ ಸವರುತ್ತಿದ್ದರು, ಅಜ್ಜಿಯ ಮುಖ ಅರಳುತ್ತಿತ್ತು. ಚಿನ್ನುಗೂ ಹಾಗೇ ಎಲ್ಲವನ್ನೂ ಟೈಪ್ ಮಾಡಿದಳು. ಸ್ಕೂಲಿನ ಹೆಸರು, ಅಮ್ಮ ಎಷ್ಟೊತ್ತಿಗೆ ಬರುತ್ತಾಳೆ ಅನ್ನುವುದನ್ನೂ ಬರೆದಳು.

ಗುರುವಾರ ಚಿನ್ನು ಫೋಟೋ ಕೇಳಿದಳು. ಯೂನಿಫಾರ್ಮ್ ಹಾಕಿಕೊಂಡು ತೆಗೆದು ಕಳಿಸಬೇಕಂತೆ, ಯಾರಿಗೂ ಹೇಳಬಾರದಂತೆ, ಅದು ಇಬ್ಬರ ಸೀಕ್ರೆಟ್ ಅಂತೆ. ಧನುಶ್ರೀಗೆ ಯಾಕೋ ಮನಸ್ಸು ಬರಲಿಲ್ಲ, ಬೇಡ ಅಂತ ಬರೆದಳು. ಕೂಡಲೇ ಉತ್ತರ ಬಂತು.

"ಕಳಿಸದೆ ಇದ್ರೆ ನಾನೇ ನಿಮ್ಮನೆಗೆ ಬರ್ತೀನಿ. ಡೈರಿ ಪಕ್ಕ, ದ್ಯಾವಯ್ಯನ ಮನೆ ಅಲ್ವಾ?"

ಅವತ್ತಿನಿಂದ ಅವಳು ಫೋನು ಮುಟ್ಟಿರಲಿಲ್ಲ. ಹೇಳೋಣ ಅಂದರೆ ಬಾಯಿ ಬರುತ್ತಿರಲಿಲ್ಲ. ಮನೆಯ ಗುರುತು ಕೊಟ್ಟವಳು ತಾನೇ ಅಲ್ಲವಾ? ಬೈಸಿಕೊಳ್ಳುವುದಕ್ಕಿಂತ ಹೆಚ್ಚಾಗಿ, ಅಜ್ಜಿಯ ಮುಖ ಸಪ್ಪಗಾಗುವುದನ್ನು ನೋಡಲು ಅವಳಿಗೆ ಹೆದರಿಕೆ.

ಅಷ್ಟರಲ್ಲಿ ಹೊರಗಿನಿಂದ ಒಂದು ಗಂಡಸಿನ ದನಿ ಕೇಳಿಸಿತು.

"ದ್ಯಾವಯ್ಯನೋರ ಮನೆ ಇದೇನಾ?"

ಧನುಶ್ರೀ ಒಳಗೆ ಓಡಿ ರಾಗಿ ಮೂಟೆಗಳ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ಅಲ್ಲ ಅನ್ನು ಅಜ್ಜಿ, ಅಲ್ಲ ಅಂತ ಹೇಳು ಅಂತ ಮನಸ್ಸಿನಲ್ಲೇ ಬೇಡಿಕೊಂಡಳು.

ಅಜ್ಜಿ ಅಷ್ಟು ಸುಲಭಕ್ಕೆ ಯಾರ ಮಾತನ್ನೂ ಕೇಳುವವಳಲ್ಲ. "ಊಂ ಕಣಪ್ಪ, ಇದೇಯ. ನೀನ್ಯಾರು? ಯಾವೂರಾಯ್ತು?" ಎಂದಳು.

"ನಾಗಮಂಗಲದ ಕಡೆಯೋನು ಕಣವ್ವ. ಚಲುವಯ್ಯ ಅಂತ, ದಾಸಯ್ಯನ ಮಗ."

ಇಷ್ಟಕ್ಕೆಲ್ಲ ಅಜ್ಜಿಗೆ ಸಮಾಧಾನವಾಗುತ್ತದೆಯೇ? ಯಾವ ದಾಸಯ್ಯ ಅಂತ ಕೇಳಿದಳು. ಕೆರೆ ಪಕ್ಕ ತೆಂಗಿನ ತೋಟ ಇರುವವನಾ, ಸ್ಕೂಲು ಮೇಷ್ಟ್ರಾಗಿದ್ದವನಾ? ತಾಯಿಯ ತವರು ಯಾವುದು, ತಂಗಿಯನ್ನು ಕೊಟ್ಟಿದ್ದು ಎಲ್ಲಿಗೆ? ಪಾಪ, ಆ ಮನುಷ್ಯ ಬಿಸಿಲಿನಲ್ಲೇ ನಿಂತು ಒಂದೊಂದಕ್ಕೂ ಉತ್ತರ ಹೇಳಿದ. ತಾಯಿ ಕೆ.ಆರ್. ಪೇಟೆ ಕಡೆಯವಳು, ತಂಗಿಯನ್ನು ಪಾಂಡವಪುರಕ್ಕೆ ಕೊಟ್ಟಿದೆ. ಕೊನೆಗೆ ಅವನ ಸೋದರತ್ತೆ ತಾತನ ತಮ್ಮನ ಹೆಂಡತಿಗೆ ಅಕ್ಕನಾಗಬೇಕು ಅಂತ ಗೊತ್ತಾಯಿತು. ಆಮೇಲೆಯೇ ಜಗಲಿಯ ಮೇಲೆ ಚಾಪೆ ಬಿದ್ದದ್ದು, ಮಜ್ಜಿಗೆಯ ಲೋಟ ಹೊರಗೆ ಬಂದದ್ದು. ಮಗಳ ಮದುವೆಯ ಕಾಗದ ಕೊಡಲು ಬಂದಿದ್ದ ಚಲುವಯ್ಯ.

ಮೂಟೆಗಳ ಸಂದಿಯಲ್ಲಿ ಕೂತು ಧನುಶ್ರೀ ಎಲ್ಲವನ್ನೂ ಕೇಳಿಸಿಕೊಂಡಳು. ಎದೆ ಬಡಿತ ನಿಧಾನವಾದಂತೆ ಒಂದು ಸಂಗತಿ ನೆನಪಾಯಿತು. ಅವಳೂ ಒಂದು ಸಲ ಚಿನ್ನುವನ್ನು ನಿಂದು ಯಾವೂರು ಅಂತ ಕೇಳಿದ್ದಳು. ಚಿನ್ನು ನಗುವ ಮುಖ ಕಳಿಸಿದ್ದಳು. ಇನ್ನೊಂದು ಸಲ ಕೇಳಿದಾಗ, ಆಮೇಲೆ ಹೇಳ್ತೀನಿ ಅಂದಿದ್ದಳು. ಆ ಆಮೇಲೆ ಬಂದೇ ಇರಲಿಲ್ಲ.

ಚಲುವಯ್ಯ ಹೊರಟ ಮೇಲೆ ಅಜ್ಜಿ ಸೀದಾ ಮೂಟೆಗಳ ಹತ್ತಿರ ಬಂದು ನೆಲದ ಮೇಲೆ ಕೂತಳು. ಯಾಕೆ ಅವಿತುಕೊಂಡೆ ಅಂತ ಕೇಳಲಿಲ್ಲ, ತೋಳು ಚಾಚಿದಳು ಅಷ್ಟೇ. ಧನುಶ್ರೀಗೆ ಅಳು ಒತ್ತರಿಸಿಕೊಂಡು ಬಂತು. ಬಿಕ್ಕುತ್ತ ಬಿಕ್ಕುತ್ತ ಎಲ್ಲವನ್ನೂ ಹೇಳಿದಳು. ಫೋನು ತಂದು ಒಂದೊಂದು ಮೆಸೇಜನ್ನೂ ಅಜ್ಜಿಗೆ ಓದಿ ಹೇಳಿದಳು.

"ಮನೆ ಗುರ್ತು ನಾನೇ ಹೇಳ್ಬುಟ್ಟೆ ಅಜ್ಜಿ."

ಅಜ್ಜಿ ಮೊಮ್ಮಗಳನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು.

"ನಿಂದೇನೂ ತೆಪ್ಪಿಲ್ಲ ಕಣವ್ವ. ಹೇಳೋದು ಕಲ್ಸ್ದೆ. ತಿರುಗ್ಸಿ ಕೇಳೋದು ಕಲ್ಸೋಕೆ ನಾನೇ ಮರ್ತ್ಬುಟ್ಟೆ."

ಸಂಜೆ ಬಸ್ಸಿಳಿದು ಬಂದ ಅಮ್ಮನಿಗೂ ವಿಷಯ ತಿಳಿಯಿತು. ಇನ್ನು ಬೆನ್ನಿಗೆ ಗುದ್ದು ಬೀಳುತ್ತದೆ ಅಂತ ಧನುಶ್ರೀ ಮೈ ಬಿಗಿ ಹಿಡಿದು ನಿಂತಳು. ಓದುತ್ತ ಓದುತ್ತ ಅಮ್ಮನ ಮುಖ ಬಿಳುಚಿಕೊಂಡಿತು. ಗುದ್ದು ಬೀಳಲಿಲ್ಲ. ಅಮ್ಮ ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಸುಮಾರು ಹೊತ್ತು ಹಾಗೇ ನಿಂತಳು. ಧನುಶ್ರೀಗೆ ಎರಡು ದಿನದಿಂದ ಬೇಕಾಗಿದ್ದದ್ದು ಅದೇ.

"ಎಲ್ಲಾ ಡಿಲೀಟ್ ಮಾಡ್ಬುಡ್ಲಾ ಅಮ್ಮ?"

"ಬ್ಯಾಡ ಕಣಮ್ಮ. ಪೊಲೀಸ್ನೋರಿಗೆ ತೋರ್ಸೋಕೆ ಬೇಕಾಯ್ತದೆ."

ಅಮ್ಮ ಒಂದೊಂದು ಮೆಸೇಜಿನದೂ ಸ್ಕ್ರೀನ್‌ಶಾಟ್ ತೆಗೆದಳು. ಆಮೇಲೆ ಮಕ್ಕಳ ಸಹಾಯವಾಣಿಗೆ, ಒಂದು ಸೊನ್ನೆ ಒಂಬತ್ತು ಎಂಟಕ್ಕೆ, ಫೋನು ಹಚ್ಚಿದಳು. ಅಲ್ಲಿನ ಮೇಡಂ ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು. ಏನೂ ಉತ್ತರ ಕೊಡಬೇಡಿ, ಬ್ಲಾಕ್ ಮಾಡಿ, ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡಿ ಅಂದರು. ಚಿನ್ನು ಐದನೇ ಕ್ಲಾಸಿನ ಹುಡುಗಿ ಆಗಿರಲಿಕ್ಕಿಲ್ಲ, ದೊಡ್ಡವರು ಯಾರೋ ಇರಬಹುದು ಅಂದರು. ಅಪ್ಪನಿಗೆ ವಿಷಯ ಮುಟ್ಟಿದ ಅರ್ಧ ಗಂಟೆಗೆಲ್ಲ ಬೈಕು ಮನೆ ಮುಂದೆ ಬಂದು ನಿಂತಿತು. ಬೆಳಿಗ್ಗೆ ಎದ್ದು ಮೊದಲು ಸ್ಟೇಷನ್ನಿಗೆ ಹೋಗುವುದು ಅಂತಾಯಿತು.

ಬ್ಲಾಕ್ ಮಾಡುವುದು ಎಲ್ಲಿ ಅಂತ ಅಮ್ಮನಿಗೆ ತೋರಿಸಲು ಧನುಶ್ರೀ ಗೇಮ್ ತೆರೆದಳು. ಆಗಲೇ ಟಿಣ್ ಎಂದು ಹೊಸ ಮೆಸೇಜು ಬಂತು.

"ಈಗ ಮನೇಲಿ ಯಾರ್ಯಾರು ಇದಾರೆ?"

ಧನುಶ್ರೀ ತಲೆ ಎತ್ತಿ ನೋಡಿದಳು. ತಾತ ಬಚ್ಚಲಲ್ಲಿ ಕಾಲಿನ ಕೆಸರು ತೊಳೆದುಕೊಳ್ಳುತ್ತಿದ್ದ. ಅಪ್ಪ ಹೆಲ್ಮೆಟ್ಟನ್ನೂ ತೆಗೆಯದೆ ಅಮ್ಮನ ಭುಜದ ಮೇಲಿಂದ ಫೋನಿನೊಳಗೆ ಇಣುಕುತ್ತಿದ್ದ. ಅಡಿಗೆಮನೆಯಿಂದ ಅಜ್ಜಿ ಮುದ್ದೆ ತೊಳಸುವ ಸದ್ದು ಕೇಳುತ್ತಿತ್ತು.

ಎಲ್ಲರೂ ಇದ್ದರು. ಅದನ್ನು ಅವಳು ಬರೆಯಲಿಲ್ಲ. ಅದರದೂ ಸ್ಕ್ರೀನ್‌ಶಾಟ್ ತೆಗೆದು, ಬ್ಲಾಕ್ ಅನ್ನುವುದನ್ನು ಒತ್ತಿ, ಫೋನನ್ನು ಅಮ್ಮನ ಕೈಗೆ ಕೊಟ್ಟು, ಊಟಕ್ಕೆ ತಟ್ಟೆ ಇಡಲು ಒಳಗೆ ಹೋದಳು.